ಧೂಳಿಲ್ಲದ ಮನೆ

ಹೋದ ಯುಗಾದಿಗೆ ಗಾದ್ರಮ್ಮ ಅಟ್ಟದಿಂದ ಕೊಡವಿದ ಧೂಳು ಜಗಳೂರು ದಾಟಿ ದಾವಣಗೆರೆ ಬಸ್ ಸ್ಟ್ಯಾಂಡಿನ ಮೇಲೆ ಇಳಿದು, ಹಾಡುಹಗಲಲ್ಲೇ ಬಸ್ಸುಗಳು ಲೈಟು ಹಾಕಿಕೊಂಡು ಓಡಾಡಿದ್ದವು. ಪೇಪರಿನಲ್ಲಿ ಮಾತ್ರ ಬರಲಿಲ್ಲ. ಬರೆಯುವವರ ಕಣ್ಣಿಗೂ ಅದೇ ಧೂಳು ಬಿದ್ದಿತ್ತಲ್ಲ, ಹೇಗೆ ಬರೆದಾರು?

"ಈ ಸಲ ಅದಕ್ಕಿಂತ ಜಾಸ್ತಿ ಐತೆ, ಮೂಗಿಗೆ ಬಟ್ಟೆ ಕಟ್ಕಳೇ!" ಎಂದು ಗಾದ್ರಮ್ಮ ಅಟ್ಟದ ಮೇಲಿಂದ ಕೂಗಿದಳು.

ಕೆಳಗೆ ಏಣಿ ಹಿಡಿದು ನಿಂತಿದ್ದ ಚೈತ್ರಾ, ಅವಳ ತಮ್ಮನ ಮಗಳು, ವೇಲನ್ನು ಮೂಗಿಗೆ ಸುತ್ತಿಕೊಂಡಳು. "ಹರಿಹರದ ಮಟ ಹೋಗಿತ್ತು ಅಂದಿದ್ಯಲ್ಲತ್ತೆ ಮೊದ್ಲು?"

"ಹೋಗಿತ್ತು ಕಣೇ. ದಾವಣಗೆರೇಲಿ ಇಳಿದು, ಟೀ ಕುಡ್ದು, ಆಮ್ಯಾಲೆ ಹರಿಹರಕ್ಕೆ ಹೋತು."

ಚೈತ್ರಾ ನಕ್ಕ ರಭಸಕ್ಕೆ ಏಣಿ ಅಲುಗಿತು. ಗಾದ್ರಮ್ಮನಿಗೆ ಬೇಕಾಗಿದ್ದೂ ಅದೇ. ಈ ಹುಡುಗಿ ನಗುತ್ತಾ ನಿಂತರೆ ಅವಳು ಅಟ್ಟವನ್ನೇನು, ಊರಾಚೆಯ ಗುಡ್ಡವನ್ನೂ ಗುಡಿಸಿ ಬರುತ್ತಿದ್ದಳು.

ಮದುವೆಯಾದ ಎರಡನೆಯ ವರ್ಷವೇ ಗಂಡನನ್ನು ಕಳೆದುಕೊಂಡು ತಮ್ಮ ಜಂಪಣ್ಣನ ಮನೆ ಸೇರಿದವಳು ಗಾದ್ರಮ್ಮ. ಜಂಪಣ್ಣನ ಹೆಂಡತಿ ದುರ್ಗಾಂಬಿಕಾ ಅಂಗನವಾಡಿ ಟೀಚರು. ಊರ ಮಕ್ಕಳನ್ನು ಆಡಿಸಲು ಅವಳು ಹೊರಟರೆ ಅವಳ ಮಗು ಗಾದ್ರಮ್ಮನ ಮಡಿಲಿಗೆ ಬೀಳುತ್ತಿತ್ತು. ಹಾಗೆ ಬಿದ್ದದ್ದು ಮತ್ತೆ ಎದ್ದು ಹೋಗಲೇ ಇಲ್ಲ ಎಂದು ಗಾದ್ರಮ್ಮ ಬೀದಿಗೆಲ್ಲ ಹೇಳುತ್ತಿದ್ದಳು. ತಲೆ ಬಾಚಿದ್ದು, ಜ್ವರ ಬಂದಾಗ ರಾತ್ರಿಯಿಡೀ ಎದೆಗೆ ಹಾಕಿಕೊಂಡು ಕೂತದ್ದು, ಶಾಲೆಯ ಬಾಗಿಲವರೆಗೆ ಎತ್ತಿಕೊಂಡು ಹೋದದ್ದು ಎಲ್ಲ ಅವಳೇ. ಈಗ ಆ ಮಗು ಬಿ.ಇಡಿ. ಓದುತ್ತಿತ್ತು.

ಮನೆ ಹಸನು ಮಾಡುವುದಕ್ಕೆ ಗಾದ್ರಮ್ಮನದೇ ಒಂದು ಕಾನೂನಿತ್ತು. ಮೇಲಿಂದ ಕೆಳಕ್ಕೆ, ಒಳಗಿಂದ ಹೊರಕ್ಕೆ. ನೆಲ ತೊಳೆದಾದ ಮೇಲೆ ಜೇಡರ ಬಲೆ ತೆಗೆಯುವವರನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ಸುಣ್ಣವನ್ನು ಹಿಂದಿನ ದಿನವೇ ನೆನೆಹಾಕಿ, ಚಿಟಿಕೆ ನೀಲಿಯ ಜೊತೆಗೆ ಒಂದು ಹಿಡಿ ಉಪ್ಪು ಹಾಕಬೇಕು. ಉಪ್ಪು ಕಾಣದ ಗೋಡೆಗೆ ಒರಗಿದವರು ಬೆನ್ನ ಮೇಲೆ ಅರ್ಧ ಗೋಡೆ ಹೊತ್ತುಕೊಂಡೇ ಏಳುತ್ತಾರೆ. ಕೌದಿಗಳನ್ನು ಬರೀ ಬಿಸಿಲಿಗೆ ಹರವಿದರೆ ಸಾಲದು, ಮಗುಚಿ ಹಾಕಿ ಕೋಲಿನಿಂದ ಬಡಿದು, ಬಿಸಿಯಾರುವ ಮುಂಚೆ ಬೇವಿನ ಸೊಪ್ಪು ಇಟ್ಟು ಮಡಚಬೇಕು. ಇನ್ನು ಅವಳು ಹುಣಿಸೆಹಣ್ಣು ಹಚ್ಚಿ ಬೆಳಗಿದ ಕೊಡದ ಹೊಳಪಿಗೆ ಬೀದಿಯ ಹುಂಜಗಳು ಬೆಳಗಾಯಿತೆಂದು ತಿಳಿದು ಕೂಗಿದ್ದುಂಟು. ಇದಕ್ಕೆ ಸಾಕ್ಷಿ ಬೇಕಾದರೆ ಹುಂಜಗಳನ್ನೇ ಕೇಳಬೇಕು.

ಈ ವರ್ಷದ ಕೆಲಸ ಮಾತ್ರ ಎಂದಿನಂತಿರಲಿಲ್ಲ. ಸುಣ್ಣಕ್ಕೇ ಗೊಣಗುವ ಜಂಪಣ್ಣ ಹೊರಕೋಣೆಗೆಂದು ತಿಳಿಹಸಿರು ಪೇಂಟ್ ತಂದಿಳಿಸಿದ. ರಜೆ ಸಿಗಲ್ಲ ಎನ್ನುತ್ತಿದ್ದ ದುರ್ಗಾಂಬಿಕಾ ರಜೆ ಹಾಕಿ ಕಿಟಕಿಯ ಸರಳುಗಳನ್ನು ಒಂದೊಂದಾಗಿ ಒರೆಸಿದಳು. "ಏನೇ ಅಂದ್ರೂ ಅಕ್ಕ, ನಿನ್ನ ಕೈ ಬಿದ್ರೇನೆ ಮನೆಗೊಂದು ಕಳೆ" ಎಂದಳು. ಇಷ್ಟು ವರ್ಷ ಆ ಬಾಯಿಂದ ಬಾರದ ಮಾತು. ಗಾದ್ರಮ್ಮ ಆ ದಿನ ಎರಡು ಆಳಿನ ಕೆಲಸ ಮಾಡಿದಳು. ಅವಳನ್ನು ಕೇಳಿದರೆ ಹತ್ತು ಆಳಿನದು ಎನ್ನುತ್ತಾಳೆ.

ಕಾರಣ ಅವಳಿಗೆ ಗೊತ್ತಿತ್ತು. ಹಬ್ಬ ಕಳೆದ ಮೇಲೆ ಹೊನ್ನಾಳಿಯವರು ಚೈತ್ರಾಳನ್ನು ನೋಡಲು ಬರುವವರಿದ್ದರು. ಹುಡುಗನ ಮನೆಯವರದು ಗೊಬ್ಬರದ ಅಂಗಡಿ. ಆ ದಿನ ತಾನು ಎಲ್ಲಿ ಕೂರಬೇಕೆಂಬುದನ್ನು ಗಾದ್ರಮ್ಮ ಗೋಡೆಗೆ ಬ್ರಷ್ ಎಳೆಯುತ್ತಲೇ ಗೊತ್ತುಮಾಡಿಕೊಂಡಿದ್ದಳು. ಜಮಖಾನೆಯ ಮೇಲೆ, ಚೈತ್ರಾಳ ಬಲಕ್ಕೆ. ಹೆತ್ತವಳು ಉಪ್ಪಿಟ್ಟು ತರಲಿ, ಮಾತಾಡುವವಳು ತಾನು. ಈ ಹುಡುಗಿಯನ್ನು ಒಂದು ಮನೆಗೆ ಕೈಯಾರೆ ದಾಟಿಸಿದರೆ ಸಾಕು, ತನ್ನ ಜನ್ಮಕ್ಕೆ ಇನ್ನೇನೂ ಬೇಡ ಎಂದು ಅವಳು ಅಂದುಕೊಂಡಿದ್ದಳು. ಇದೊಂದು ಮಾತಿನಲ್ಲಿ ಮಾತ್ರ ಉಪ್ಪುಕಾರ ಸೇರಿರಲಿಲ್ಲ.

ಮುಂಚೆಯೂ ಎರಡು ಸಲ ಅವಳೇ ಮಾತಾಡಿದ್ದಳು. ಚನ್ನಗಿರಿಯವರು ಬಂದಾಗ, ನಮ್ಮ ಹುಡುಗಿ ಭರತನಾಟ್ಯಕ್ಕೆ ಹೆಜ್ಜೆ ಹಾಕಿದರೆ ನೆಲದ ಕಡಪಾಕಲ್ಲು ಬಿರುಕು ಬಿಡುತ್ತದೆ ಎಂದಳು. ಹುಡುಗನ ತಾಯಿ ಆಸೆಯಿಂದ "ಎಲ್ಲಿ ಮಗಾ, ಎರಡು ಹೆಜ್ಜೆ ಹಾಕು ನೋಡನ" ಎಂದುಬಿಟ್ಟಳು. ಚೈತ್ರಾ ಎದ್ದು ನಿಂತಳು, ಕೆಂಪಾದಳು, ಕೂತಳು. ಉಬ್ರಾಣಿಯವರು ಬಂದಾಗ, ಇದಕ್ಕೂ ಮುಂಚೆ ಇಪ್ಪತ್ತು ಗಂಡುಗಳನ್ನು ನಾವೇ ಒಲ್ಲೆ ಎಂದಿದ್ದೇವೆ ಎಂದಳು. ಹುಡುಗನ ಸೋದರಮಾವ ಬಾಯಿಗೆ ಹಾಕಿದ್ದ ಬಾಳೆಹಣ್ಣನ್ನು ಅಗಿಯುವುದು ನಿಲ್ಲಿಸಿ, ಹುಡುಗಿಯಲ್ಲಿ ಏನೋ ಐಬಿದೆಯೆಂದು ಯೋಚಿಸುವವನಂತೆ ಅವಳನ್ನೇ ನೋಡಿದ. ಎರಡೂ ಕಡೆಯಿಂದ ಮತ್ತೆ ಫೋನ್ ಬರಲಿಲ್ಲ. ನಮ್ಮ ಹುಡುಗಿಯ ತೂಕ ತಾಳದೆ ಓಡಿಹೋದರು ಎಂದು ಗಾದ್ರಮ್ಮ ಬೀದಿಯಲ್ಲಿ ಸಾರಿದ್ದಳು.

ಅಟ್ಟ, ಗೋಡೆ, ಪಾತ್ರೆ ಎಲ್ಲ ಮುಗಿದು, ಕೌದಿಗಳು ಟ್ರಂಕು ಸೇರಿದ ಸಂಜೆ ಜಂಪಣ್ಣ ಬಂದು ಪಕ್ಕದಲ್ಲಿ ಕೂತ. "ಅಕ್ಕ, ಸವಳಂಗದಿಂದ ಹಾಲಮ್ಮ ಫೋನ್ ಮಾಡಿದ್ಳು. ಸೊಂಟ ಹಿಡ್ಕಂಡೈತಂತೆ. ಮನೆ ಹಂಗೇ ಬಿದ್ದೈತಂತೆ, ಬಲೆ ಸೈತ ತೆಗೆದಿಲ್ಲ. ಗಾದ್ರಕ್ಕ ಬಂದ್ರೇನೆ ನಮಗೆ ಹಬ್ಬ ಅಂತಾಳೆ."

ಹಾಲಮ್ಮ ಇಬ್ಬರಿಗೂ ತಂಗಿ, ಸವಳಂಗಕ್ಕೆ ಕೊಟ್ಟವಳು. ಗಾದ್ರಮ್ಮ ಕೈಯ ಸುಣ್ಣ ತೊಳೆಯುತ್ತಾ ಬೀಗಿದಳು. "ಬರ್ಲೇಬೇಕಲ್ಲ ನನ್ನ ಹತ್ರ! ಜಿಲ್ಲೇಲಿ ಇನ್ಯಾರು ಅದಾರೆ?"

"ಅದಕ್ಕೇ ಅಂದೆ. ನಾಳೇನೇ ಹೋಗಿ ಎರಡು ದಿನ ಇದ್ದು ಬಾ."

ಬೆಳಿಗ್ಗೆ ಚೈತ್ರಾಳೇ ಚೀಲ ತುಂಬಿದಳು, ಬಸ್ ಸ್ಟ್ಯಾಂಡಿಗೆ ಬಂದು ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟಳು. ಬಸ್ಸು ಹೊರಡುವವರೆಗೂ ಕಿಟಕಿಯ ಸರಳಿನೊಳಗಿಂದ ಅತ್ತೆಯ ಕೈ ಹಿಡಿದೇ ಇದ್ದಳು. ಎರಡು ದಿನ ನನ್ನ ಬಿಟ್ಟಿರೋಕೆ ಆಗಲ್ಲ ಈ ಹುಚ್ಚಿಗೆ ಎಂದು ಗಾದ್ರಮ್ಮನ ಕಣ್ಣು ತುಂಬಿತು. ದಾವಣಗೆರೆ ದಾಟುವುದರೊಳಗೆ ಪಕ್ಕದ ಸೀಟಿನವಳಿಗೆ, ಹೊನ್ನಾಳಿಯ ಸೇತುವೆ ಬರುವುದರೊಳಗೆ ಕಂಡಕ್ಟರನಿಗೆ, ನ್ಯಾಮತಿಯ ಹೊತ್ತಿಗೆ ಇಡೀ ಬಸ್ಸಿಗೆ ಗೊತ್ತಾಗಿತ್ತು: ಸವಳಂಗದಲ್ಲೊಂದು ಮನೆ ಜೇಡರ ಬಲೆಯಲ್ಲಿ ಸಿಕ್ಕಿ ಉಸಿರುಗಟ್ಟಿ ಸಾಯುತ್ತಿದೆ, ಈಯಮ್ಮ ಅದನ್ನು ಬಿಡಿಸಲು ಹೊರಟಿದ್ದಾಳೆ.

ಹಾಲಮ್ಮನ ಮನೆಯ ಬಾಗಿಲಲ್ಲಿ ಗಾದ್ರಮ್ಮ ಚಪ್ಪಲಿ ಬಿಡುವ ಮೊದಲೇ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಒಳಗೆ ಕಾಲಿಟ್ಟವಳು ಹಾಗೇ ನಿಂತಳು.

ಗೋಡೆಗಳು ಹೊಸ ಬಣ್ಣದಲ್ಲಿ ಮಿಂಚುತ್ತಿದ್ದವು. ನೆಲ ಕನ್ನಡಿಯಂತಿತ್ತು. ಶೆಲ್ಫಿನ ಹಲಗೆಗೆ ಹೊಸ ಪೇಪರು ಹಾಸಿ, ಸ್ಟೀಲ್ ಡಬ್ಬಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸಿತ್ತು. ಗಾದ್ರಮ್ಮ ತಲೆಯೆತ್ತಿ ತೊಲೆಯನ್ನು ನೋಡಿದಳು, ಮೂಲೆಗಳನ್ನು ನೋಡಿದಳು. ಕೊನೆಗೆ ತುದಿಗಾಲಲ್ಲಿ ನಿಂತು ಬಾಗಿಲ ಚೌಕಟ್ಟಿನ ಮೇಲೆ ಬೆರಳಾಡಿಸಿದಳು. ಎಂಥ ಶುಭ್ರವಾದ ಮನೆಯೂ ಸೋಲುವ ಜಾಗ ಅದು. ಬೆರಳು ಹೋದಂತೆಯೇ ವಾಪಸು ಬಂತು.

"ಬಂದ್ಯಾ ಅಕ್ಕ? ಕುತ್ಕ, ಟೀ ಇಡ್ತೀನಿ" ಎನ್ನುತ್ತಾ ಹಾಲಮ್ಮ ಬಗ್ಗಿ ತುಂಬಿದ ಕೊಡವನ್ನು ಒಂದೇ ಏಟಿಗೆ ಎತ್ತಿ ಕಟ್ಟೆಯ ಮೇಲಿಟ್ಟಳು.

"ಸೊಂಟ ಹೆಂಗೈತೆ?"

"ಯಾರದು?" ಎಂದಳು ಹಾಲಮ್ಮ. ಮರುಕ್ಷಣವೇ ಎಚ್ಚೆತ್ತು ಒಂದು ಕೈಯನ್ನು ಸೊಂಟಕ್ಕೆ ಕೊಟ್ಟುಕೊಂಡಳು. "ಹಾಂ, ಇವಾಗ ಪರ್ವಾಗಿಲ್ಲಕ್ಕ."

ಗಾದ್ರಮ್ಮ ಸುಳ್ಳಿನಲ್ಲಿ ಪಳಗಿದವಳು. ಇಷ್ಟು ಕೆಟ್ಟ ಸುಳ್ಳನ್ನು ಅವಳು ಜನ್ಮದಲ್ಲಿ ಕೇಳಿರಲಿಲ್ಲ. "ಹಾಲೀ, ನಿನ್ನ ಮನೇಲಿ ನನಗೇನು ಕೆಲ್ಸ ಐತೆ ಹೇಳು. ಯಾಕೆ ಕರೆಸಿದೆ?"

"ನಾನೆಲ್ಲಿ ಕರೆದೆ... ಅಂದ್ರೆ, ಕರೆದೆ."

"ಹಾಲೀ."

ಹಾಲಮ್ಮ ಸ್ಟೌ ಸಣ್ಣ ಮಾಡಿದಳು. ಬೆನ್ನು ತಿರುಗಿಸಿಯೇ ಮಾತಾಡಿದಳು. "ಅಣ್ಣ ಫೋನ್ ಮಾಡಿದ್ದ. ಹೊನ್ನಾಳಿಯೋರು ಹಬ್ಬ ಆದ್ಮ್ಯಾಲಲ್ಲ, ಇವತ್ತೇ ಬರ್ತಾರಂತೆ. ಎರಡು ದಿನ ಅಕ್ಕನ್ನ ಅಲ್ಲೇ ಇಟ್ಕ ಅಂದ."

"ಆ ದುರ್ಗಿ ಕೆಲ್ಸ! ನನ್ನ ಕೈಲಿ ಮನೆಯೆಲ್ಲ ಬಳಿಸ್ಕಂಡು, ಉಬ್ಬಿಸಿ ಉಬ್ಬಿಸಿ..." ಗಾದ್ರಮ್ಮ ಚೀಲಕ್ಕೆ ಕೈ ಹಾಕಿದಳು. "ಇನ್ನೊಂದು ಬಸ್ಸು ಐತೆ. ಹುಡುಗಿ ನಾನಿಲ್ಲ ಅಂತ ಅತ್ಕಂಡು ಕುತಿರ್ತಾಳೆ."

"ಅತ್ತಿಗೆ ಅಲ್ಲಕ್ಕ." ಹಾಲಮ್ಮ ಈಗ ತಿರುಗಿದಳು. "ಚೈತ್ರಾನೇ ಅಂದಿದ್ದಂತೆ. ಈ ಹುಡುಗ ಆಕೆ ಮನಸಿಗೆ ಬಂದಾನಂತೆ. ಇದೊಂದು ಸಲ ಅತ್ತೆ ಇರದು ಬ್ಯಾಡ ಅಂದ್ಲಂತೆ. ನನ್ನ ಮ್ಯಾಲೆ ಸಿಟ್ಟು ಮಾಡ್ಬ್ಯಾಡ."

ಗಾದ್ರಮ್ಮ ನಂಬಲಿಲ್ಲ. ಸೊಂಟದ ಚೀಲದಿಂದ ಗುಂಡಿಯ ಫೋನು ತೆಗೆದು, ಮೊದಲ ಗುಂಡಿಯನ್ನು ಒತ್ತಿ ಹಿಡಿದಳು. ಆ ಗುಂಡಿಗೆ ತನ್ನ ನಂಬರನ್ನು ಕೂರಿಸಿಕೊಟ್ಟವಳೂ ಚೈತ್ರಾಳೇ.

"ಅತ್ತೇ! ಮುಟ್ಟಿದ್ಯಾ?" ದನಿ ಎಂದಿನಷ್ಟೇ ಮುದ್ದಾಗಿತ್ತು.

"ಮುಟ್ಟಿದೆ. ಏನ್ ಮಾಡ್ತಿದೀಯೇ?"

"ಏನಿಲ್ಲತ್ತೆ. ಕೌದಿ ಬಡೀತಿದೀನಿ."

ಗಾದ್ರಮ್ಮ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. ಕೌದಿಗಳೆಲ್ಲ ಟ್ರಂಕಿನಲ್ಲಿದ್ದವು, ಮಡಚಿ ಬೇವಿನ ಸೊಪ್ಪು ಇಟ್ಟವಳು ತಾನೇ. ಅತ್ತ ಯಾರೋ ಗಂಡಸು ಕೆಮ್ಮಿದ. "ಕುತ್ಕಳ್ರಿ, ಫ್ಯಾನಿನ ಕೆಳಗೆ ಬರ್ರಿ" ಎಂಬ ಜಂಪಣ್ಣನ ಮಾತು ಕೇಳಿಸಿತು. ಅದು ಅವನು ನೆಂಟರಿಗೆ ಮಾತ್ರ ತೆಗೆಯುವ ದನಿ.

ಚೈತ್ರಾಳಿಗೂ ಅದು ಕೇಳಿಸಿರಬೇಕು, ಅವಳು ಸ್ವರ ಏರಿಸಿದಳು. "ಎಷ್ಟು ಧೂಳು ಅಂತೀಯಾ ಅತ್ತೆ! ಒಂದೇಟು ಹೊಡೆದ್ರೆ ಎದುರುಮನೇನೇ ಕಾಣಂಗಿಲ್ಲ. ಎಮ್ಮೆಗಳೆಲ್ಲ ಸಂಜೆಯಾತು ಅಂತ ಮನೆಗೆ ಬಂದ್ಬಿಟ್ವು."

ಚೆನ್ನಾಗಿ ಹೇಳಿದಳು. ಎಲ್ಲಿ ತಡೆಯಬೇಕು, ಎಲ್ಲಿ ಏರಿಸಬೇಕು, ಎಮ್ಮೆಗಳನ್ನು ಯಾವಾಗ ತರಬೇಕು, ಎಲ್ಲ ಸರಿಯಾಗಿತ್ತು. ಮಡಿಲಲ್ಲಿ ಕೂರಿಸಿಕೊಂಡು ತುತ್ತಿಗೊಂದರಂತೆ ಕಲಿಸಿದ ವಿದ್ಯೆ.

"ಹೌದೇನೇ?" ಎಂದಳು ಗಾದ್ರಮ್ಮ.

"ಹೂಂನತ್ತೆ."

"ಹುಷಾರು. ಮೂಗಿಗೆ ಬಟ್ಟೆ ಕಟ್ಕ." ಅವಳು ಫೋನು ಇಟ್ಟಳು.

ಹಾಲಮ್ಮ ಟೀ ಲೋಟವನ್ನು ಅಕ್ಕನ ಮುಂದೆ ನೆಲದ ಮೇಲಿಟ್ಟಳು. ಗಾದ್ರಮ್ಮ ಹೊಸ ಗೋಡೆಗೆ ಒರಗಿ ಕೂತಿದ್ದಳು. ಬೈಯುವಳೇನೋ ಎಂದು ಹಾಲಮ್ಮ ಕಾದಳು, ಅಳುವಳೇನೋ ಎಂದು ಕಾದಳು. ಅಷ್ಟರಲ್ಲಿ ಬಾಗಿಲಲ್ಲಿ ಪಕ್ಕದ ಮನೆಯ ನುಜಹತ್ ಕಾಣಿಸಿಕೊಂಡಳು. ಟೈಲರಿಂಗ್ ಮಾಡುವವಳು, ಹಾಲಮ್ಮನ ಹಬ್ಬದ ಬ್ಲೌಸು ತಂದಿದ್ದಳು.

"ಅರೆ, ಗಾದ್ರಕ್ಕ! ಯಾವಾಗ ಬಂದ್ರಿ?" ಎಂದು ಅವಳು ಮುಖವರಳಿಸಿ ಎದುರಿಗೇ ಕೂತುಬಿಟ್ಟಳು. ಹೋದ ಸಲ ಬಂದಾಗ ಗಾದ್ರಮ್ಮ ಪೊರಕೆಯಲ್ಲಿ ಚಿರತೆ ಓಡಿಸಿದ ಕಥೆ ಹೇಳಿದ್ದಳು. "ಚಿರತೆ ಮತ್ತೆ ಬಂದಿತ್ತಾ?"

ಗಾದ್ರಮ್ಮ ಸೆರಗು ಸರಿಮಾಡಿಕೊಂಡಳು. ಬಾಯಿ ತಾನಾಗಿಯೇ ತೆರೆದುಕೊಂಡಿತು. "ಚಿರತೆ ಯಾವ ಲೆಕ್ಕ ಬಿಡೇ. ನಮ್ಮ ಚೈತ್ರಾಗೆ ಗಂಡು ಗೊತ್ತಾತು. ನಾನೇ ಹುಡುಕಿದ್ದು."

"ಅಚ್ಛಾ! ಹುಡುಗ ಹೆಂಗಿದಾನೆ?"

"ಹೆಂಗಿದಾನೆ ಅಂದ್ರೆ? ನಮ್ಮ ಬಾಗ್ಲಲ್ಲಿ ಬರಾಕೆ ಎರಡು ಸಲ ಬಗ್ಗಬೇಕು, ಅಷ್ಟೆತ್ತರ! ಬಣ್ಣ ಅಂದ್ರೆ ಈಗ ತಾನೇ ಕಾಸಿದ ತುಪ್ಪ. ನನ್ನ ಕಾಲಿಗೆ ಬಿದ್ದು, ಅತ್ತೆ, ನೀವು ಹೂಂ ಅಂದ್ರೆ ಮಾತ್ರ ಮದ್ವೆ ಅಂದ."

"ಫೋಟೋ ತೋರ್ಸಿ ಮತ್ತೆ! ಫೋನಲ್ಲಿ ಇಲ್ಲಾ?" ನುಜಹತ್ ಕೈ ಚಾಚಿದಳು.

ಗಾದ್ರಮ್ಮ ಮಡಿಲಲ್ಲಿದ್ದ ಗುಂಡಿಯ ಫೋನನ್ನು ನೋಡಿದಳು. ನುಜಹತಳ ಕೈ ಚಾಚಿದಂತೆಯೇ ಇತ್ತು. ಹಾಲಮ್ಮ ತಲೆ ತಗ್ಗಿಸಿದಳು.

"ಇಲ್ಲಮ್ಮ" ಎಂದಳು ಗಾದ್ರಮ್ಮ. "ನಾನು ಹುಡುಗನ್ನ ನೋಡಿಲ್ಲ. ಇವತ್ತು ಬಂದಾರೆ. ನಾನು ಇರಬಾರ್ದು ಅಂತ ನನ್ನ ಇಲ್ಲಿಗೆ ಕಳಿಸಿದ್ರು. ಚೈತ್ರಾನೇ ಕಳಿಸಿದ್ಳು."

ನುಜಹತ್ ಮುಂದಿನದಕ್ಕಾಗಿ ಕಾದಳು. ಚಿರತೆಯ ಕಥೆಯಲ್ಲೂ ಇಂಥದೇ ಒಂದು ಜಾಗದಲ್ಲಿ ಗಾದ್ರಕ್ಕ ಹೀಗೆ ದನಿ ತಗ್ಗಿಸಿದ್ದಳು. ಮುಂದಿನದು ಬಾರದಿದ್ದಾಗ, ಇದೇ ಮುಕ್ತಾಯವೆಂದು ತಿಳಿದು ಗೊಳ್ಳನೆ ನಕ್ಕಳು. "ಯಾ ಅಲ್ಲಾ, ಗಾದ್ರಕ್ಕ! ನಿಮ್ಮನ್ನ ಬಿಟ್ಟು ಆ ಮನೇಲಿ ಹೆಣ್ಣು ನೋಡೋ ಶಾಸ್ತ್ರ ಆಗ್ತೈತಾ? ಹೇಳೋದಾದ್ರೆ ನಂಬೋ ಹಂಗಾದ್ರೂ ಹೇಳ್ರಿ!"

"ನಿಜ ಕಣಮ್ಮ."

ಅದಕ್ಕೆ ನುಜಹತ್ ಇನ್ನೂ ನಕ್ಕಳು. ನಗುತ್ತಾ ನಗುತ್ತಾ ಕೈಯಲ್ಲಿದ್ದ ಹಬ್ಬದ ಬ್ಲೌಸಿನ ತೋಳಿನಿಂದಲೇ ಕಣ್ಣೊರೆಸಿಕೊಂಡಳು. ಗಾದ್ರಮ್ಮ ಅವಳು ನಗುವುದನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಆರಿದ ಟೀ ಲೋಟವನ್ನು ಎತ್ತಿದಳು. ನುಣ್ಣನೆಯ ನೆಲದ ಮೇಲೆ ಲೋಟದ ಅಡಿಯ ಉಂಗುರ ಮೂಡಿತ್ತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಅದನ್ನು ಒರೆಸಿದಳು, ಮತ್ತೊಮ್ಮೆ ಒರೆಸಿದಳು.