ಹತ್ತಿಕುಣಿ ಡಬ್ಬಿಯ ತಾಯಿತ

ಅವ್ವನನ್ನು ಒಂದು ಮಾತು ಕೇಳಿದ್ದರೆ ಮುಗಿದುಹೋಗುತ್ತಿತ್ತು. ಕೇಳಲಿಲ್ಲ. ದೋರನಹಳ್ಳಿಯ ವಿಶ್ವರಾಧ್ಯ ಮೂವತ್ತರ ಗಂಡಸು, ಕಿರಾಣಿ ಅಂಗಡಿ ನಡೆಸುವವ, ಎರಡು ಓಣಿಗೆ ಕೇಳುವಂತೆ ಜಗಳ ಆಡಬಲ್ಲವ. ಅವ್ವ ಗೊಲ್ಲಾಳಮ್ಮನ ಎದುರು ಮಾತ್ರ ಬೆಕ್ಕಿನ ಮುಂದಿನ ಇಲಿ.

ಆ ಭಾನುವಾರ ಬೆಳಿಗ್ಗೆ ಚಾ ಕೊಡುತ್ತ ಅವ್ವ ಹೇಳಿದಳು, ನಾಳೆ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವಾಗ ಅವನಪ್ಪನ ತಾಯಿತ ತೊಟ್ಟಿಲಿಗೆ ಕಟ್ಟಬೇಕು ಎಂದು. ವಿಶ್ವರಾಧ್ಯ ಹುಟ್ಟಿದಾಗ ಉದುರಿದ ಹೊಕ್ಕುಳಬಳ್ಳಿಯ ತುಂಡನ್ನು ಒಣಗಿಸಿ ಅದರಲ್ಲಿ ತುಂಬಿಸಿ, ಮೂವತ್ತು ವರ್ಷ ಜೋಪಾನ ಮಾಡಿದ್ದಳು; ಎಲ್ಲಿಟ್ಟಿದ್ದಾಳೆಂದು ಮಗ ಒಮ್ಮೆಯೂ ಕೇಳಿರಲಿಲ್ಲ. ಅಪ್ಪನ ಬಳ್ಳಿ ತಲೆಯ ಮೇಲಿದ್ದರೆ ಕೂಸು ಗಟ್ಟಿಯಾಗುತ್ತದೆ ಎಂಬುದು ಆ ಮನೆಯ ನಂಬಿಕೆ. ವಿಶ್ವರಾಧ್ಯ ಚಾ ಅಲ್ಲೇ ಬಿಟ್ಟು ಎದ್ದ. ಹೋದ ತಿಂಗಳು ಗೋಡೆಯ ಮಾಡದಲ್ಲಿ ಬಿದ್ದಿದ್ದ ಹಳೆಯ ತಾಯಿತವೊಂದನ್ನು ಅವನೇ ಎತ್ತಿಕೊಂಡು ಹೋಗಿ ಹತ್ತಿಕುಣಿಯ ಡಬ್ಬಿಯಲ್ಲಿ ಇಟ್ಟುಬಂದಿದ್ದ.

ಡಬ್ಬಿ ಎಂದರೇನೆಂದು ಹೇಳಬೇಕು. ಇವನಿಗೂ ಇವನ ಇಬ್ಬರು ಗೆಳೆಯರಿಗೂ, ಅಂದರೆ ಸಾಲಿ ಮಾಸ್ತರ ಹಣಮೇಶನಿಗೂ ಮೋಟಾರು ರಿಪೇರಿಯ ರೇವಣಸಿದ್ದನಿಗೂ, ಎರಡು ವರ್ಷದಿಂದ ಹತ್ತಿದ ಹುಚ್ಚು ಅದು. ಜಿಯೋಕ್ಯಾಶಿಂಗ್ ಅನ್ನುತ್ತಾರಂತೆ, ಇವರ ಬಾಯಲ್ಲಿ ಡಬ್ಬಿ ಆಟ. ಯಾರೋ ಎಲ್ಲೋ ಕಲ್ಲಿನ ಸಂದಿಯಲ್ಲಿ ಡಬ್ಬಿ ಬಚ್ಚಿಟ್ಟು ಅದರ ಗುರುತನ್ನು ಫೋನಿಗೆ ಹಾಕುತ್ತಾರೆ. ಹುಡುಕಿದವರು ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಒಂದು ಸಾಮಾನು ತೆಗೆದುಕೊಂಡು, ಬದಲಿಗೆ ಇನ್ನೊಂದು ಇಟ್ಟು, ಡಬ್ಬಿಯನ್ನು ಇದ್ದಲ್ಲೇ ಮುಚ್ಚಿ ಬರಬೇಕು. ಇದೂ ಒಂದು ಕೆಲಸವೇ ಎಂದು ಕೇಳಬೇಡಿ. ಕಟ್ಟೆಯ ಮೇಲೆ ಕೂತು ಇಸ್ಪೀಟು ಆಡುವುದಕ್ಕಿಂತ ವಾಸಿ.

ಗೆಳೆಯರಿಗೂ ಅವನು ನಿಜ ಹೇಳಲಿಲ್ಲ. ಹತ್ತಿಕುಣಿಗೆ ಹೋಗೋಣ ನಡೀರಿ ಎಂದು ಎಬ್ಬಿಸಿ ಎರಡು ಬೈಕಿನ ಮೇಲೆ ಹೊರಡಿಸಿದ. ಭೀಮೆಯ ಸೇತುವೆ ದಾಟಿ ಯಾದಗಿರಿ ಹಿಂದೆ ಹಾಕುವಷ್ಟರಲ್ಲಿ ಹತ್ತಿ ಹೇರಿದ ಟ್ರ್ಯಾಕ್ಟರೊಂದು ರಸ್ತೆ ತುಂಬ ಹೊಟ್ಟೆ ಬಿಟ್ಟುಕೊಂಡು ಮುಂದೆ ಹೊರಟಿತ್ತು. ವಿಶ್ವರಾಧ್ಯ ಹಾರ್ನ್ ಹೊಡೆದೇ ಹೊಡೆದ. ದಾರಿ ಸಿಕ್ಕಲ್ಲಿ ಹೊಲದ ಬದುವಿನ ಮೇಲೆ ಬೈಕು ಹಾರಿಸಿದ. ಹಿಂದೆ ಕೂತಿದ್ದ ಹಣಮೇಶ ಜೀವ ಕೈಯಲ್ಲಿ ಹಿಡಿದುಕೊಂಡು ದೇವರ ಹೆಸರೆಲ್ಲ ಹೇಳಿದ.

ಕೆರೆಯ ಒಡ್ಡಿನ ಕಲ್ಲುಗಳ ನಡುವೆ ಡಬ್ಬಿ ಇತ್ತು. ಒಳಗೆ ಒಂದು ಬಾಚಣಿಗೆ, ಎರಡು ಗೋಲಿ, ಒಂದು ಸೀಟಿ. ತಾಯಿತ ಇರಲಿಲ್ಲ. ಪುಸ್ತಕದ ಕೊನೆಯ ಸಾಲಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು: ‘ತಾಯಿತ ತಗೊಂಡೀನಿ, ನನ್ನ ಸೀಟಿ ಇಟ್ಟೀನಿ. ಜಮಾಲಸಾಬ, ರಿಟೈರ್ಡ್ ಕಂಡಕ್ಟರ್, ಸುರಪುರ.’

ಸುರಪುರಕ್ಕೆ ನಡೀರಿ ಎಂದ. ಗೆಳೆಯರು ಒಪ್ಪಿದರು, ಆದರೆ ಶಿರವಾಳದ ಡಬ್ಬಿ ಮುಗಿಸಿಕೊಂಡೇ ಹೋಗುವುದು ಎಂದು ಹಟ ಹಿಡಿದರು. ಶಿರವಾಳದಲ್ಲಿ ಹಳೆಯ ಗುಡಿಯ ನೆರಳು ಸಿಕ್ಕಿದ್ದೇ ತಡ, ಹಣಮೇಶ ಬುತ್ತಿ ಬಿಚ್ಚಿದ. ರೇವಣಸಿದ್ದ ಫೋನು ಹಿಡಿದು ಗುಡಿಯ ಸುತ್ತ ಮೂರು ಸಲ ಪ್ರದಕ್ಷಿಣೆ ಬಂದ. ವಿಶ್ವರಾಧ್ಯ ಕೂತ, ಎದ್ದ, ಮತ್ತೆ ಕೂತ. ಕೈಯಲ್ಲಿನ ರೊಟ್ಟಿ ಹಾಗೇ ಒಣಗುತ್ತಿತ್ತು. ಆ ಕಂಡಕ್ಟರ್ ಅದನ್ನು ಯಾರಿಗಾದರೂ ಕೊಟ್ಟಿದ್ದರೆ? ತಗಡೆಂದು ಎಸೆದಿದ್ದರೆ? ಸಾಯಂಕಾಲ ಅವ್ವ ಹುಡುಕಿ ಕೈ ಬರಿದಾದರೆ ಮೊಮ್ಮಗನ ತೊಟ್ಟಿಲ ಮುಂದೆ ಕೂತು ಅತ್ತಾಳು, ಅದನ್ನು ನೋಡುವ ಧೈರ್ಯ ಇವನಿಗಿರಲಿಲ್ಲ.

“ಏನಾಗೇತಿ ನಿನಗ? ಮುಂಜಾನಿಂದ ಸುಟ್ಟ ಬೆಕ್ಕಿನಂಗ ತಿರಗಾಕತ್ತಿ,” ಎಂದ ಹಣಮೇಶ.

ವಿಶ್ವರಾಧ್ಯ ಎಲ್ಲವನ್ನೂ ಕಕ್ಕಿಬಿಟ್ಟ. ರೇವಣಸಿದ್ದ ಹೊಟ್ಟೆ ಹಿಡಿದು ನಕ್ಕ. ಹಣಮೇಶ ನಗಲಿಲ್ಲ. ಅದೇ ತಾಯಿತ ಹೌದೋ ಅಲ್ಲವೋ, ಮೊದಲು ಅವ್ವನಿಗೆ ಒಂದು ಫೋನು ಮಾಡು ಎಂದ. ಮಾಡಿದರೆ ಚರ್ಮ ಸುಲಿಯುತ್ತಾಳೆ ಎಂದು ಇವನು ಆಗಲೇ ಬೈಕು ಒದೆಯುತ್ತಿದ್ದ. ಬುದ್ಧಿ ಹೇಳಿದವರ ಮಾತು ಅವಸರದವನ ಕಿವಿಗೆ ಯಾವಾಗ ಹೋಗಿದೆ!

ಶಹಾಪುರ ದಾಟಿ ಕಾಲುವೆಯ ಮೇಲಿನ ಮಣ್ಣು ದಾರಿ ಹಿಡಿದು ಸುರಪುರ ಮುಟ್ಟಿದಾಗ ಬಿಸಿಲು ಇಳಿದಿತ್ತು. ಕಂಡಕ್ಟರ್ ಜಮಾಲಸಾಬನ ಮನೆ ಚಾದಂಗಡಿಯವರಿಗೆಲ್ಲ ಗೊತ್ತಿತ್ತು. ಡಬ್ಬಿ ಆಟದವರು ತನ್ನನ್ನು ಹುಡುಕಿಕೊಂಡು ಬಂದರೆಂದು ಮುದುಕನಿಗೆ ಆದ ಖುಷಿ ಹೇಳತೀರದು. ಚಾಪೆ ಹಾಸಿ, ಚಾ ತರಿಸಿ, ತಾನು ಹುಡುಕಿದ ಹನ್ನೊಂದು ಡಬ್ಬಿಗಳ ಕಥೆ ಶುರು ಮಾಡಿದ.

ವಿಶ್ವರಾಧ್ಯ ಕಥೆ ಕೇಳುತ್ತಿರಲಿಲ್ಲ. ಮೂಲೆಯಲ್ಲಿ ಮುದುಕನ ಮಗಳು ಮಮ್ತಾಜಳ ತೊಡೆಯ ಮೇಲೆ ನಾಲ್ಕು ತಿಂಗಳ ಕೂಸು ಮಲಗಿತ್ತು. ಅದರ ಕೊರಳಲ್ಲಿ ಹಸಿರು ದಾರ, ದಾರದಲ್ಲಿ ಆ ತಾಯಿತ. ಹುಟ್ಟಿದಾಗಿನಿಂದ ರಾತ್ರಿಯೆಲ್ಲ ಅಳುತ್ತಿದ್ದ ಕೂಸು, ಇದನ್ನು ಕಟ್ಟಿದ ದಿನದಿಂದ ನಿದ್ದೆ ಮಾಡುತ್ತಿದೆ ಎಂದು ಮುದುಕನೇ ಹೇಳಿದ. ಹಣಮೇಶ ಇವನ ತೊಡೆ ಚಿವುಟಿದ.

“ಬ್ಯಾಡೋ. ಕೂಸಿನ ಕೊಳ್ಳಾಗಿಂದ ಬಿಚ್ಚಬ್ಯಾಡ,” ಎಂದು ಪಿಸುಗುಟ್ಟಿದ.

ವಿಶ್ವರಾಧ್ಯನಿಗೂ ನಾಚಿಕೆಯಾಯಿತು. ಆದರೂ ಬಾಯಿ ತೆರೆದ. ತನ್ನ ಹೊಕ್ಕುಳಬಳ್ಳಿ, ನಾಳಿನ ತೊಟ್ಟಿಲು, ಅವ್ವ, ಎಲ್ಲ ಹೇಳಿದ. ಮುದುಕನ ಮುಖ ಇಳಿದುಹೋಯಿತು. ಗೊತ್ತಿರಲಿಲ್ಲವೆಂದು ಕೈ ಮುಗಿದ. ಮಮ್ತಾಜ ಕೂಸಿನ ಮುಖವನ್ನೇ ತುಸು ಹೊತ್ತು ನೋಡಿದಳು.

“ಮಂದಿ ವಸ್ತು ನಾವಿಟ್ಕೊಂಡು ಏನ್ಮಾಡೂದ್ರಿ. ಒಯ್ಯರಿ.”

ಗಂಟು ಬಿಚ್ಚಲಾಗಲಿಲ್ಲ, ಕತ್ತರಿ ಹಾಕಬೇಕಾಯಿತು. ಕೂಸು ಎಚ್ಚೆತ್ತು ಚೀರಿತು. ಬೈಕು ಓಣಿ ತಿರುಗುವವರೆಗೂ ಆ ಅಳು ಕೇಳುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿ ಅವ್ವನ ಅಂಗೈಯಲ್ಲಿ ತಾಯಿತ ಇಟ್ಟ. ಗೊಲ್ಲಾಳಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

“ಇದನ್ಯಾಕ ತಂದಿ? ಎಮ್ಮೀ ಕರಕ್ಕ ದೃಷ್ಟಿ ಆಗಬಾರದಂತ ಕಟ್ಟಿದ್ದಿದು. ಕರ ಮಾರಿದ ಮ್ಯಾಲ ಮಾಡದಾಗ ಒಗದಿದ್ದೆ.” ಹಾಗೆನ್ನುತ್ತ ಕೊರಳ ಕರಿ ದಾರವನ್ನು ರವಿಕೆಯೊಳಗಿಂದ ಹೊರಗೆಳೆದು, ಸವೆದ ಬೆಳ್ಳಿಯ ತಾಯಿತ ತೋರಿಸಿದಳು. “ನಿಂದು ಇಲ್ಲೈತಿ. ನೀ ಹುಟ್ಟಿದಾಗಿಂದ ಇದು ನನ್ನ ಕೊಳ್ಳು ಬಿಟ್ಟಿಲ್ಲ.”

ಅವ್ವನ ಕಣ್ಣು ಕತ್ತರಿಸಿದ ಹಸಿರು ದಾರದ ಮೇಲೆ ನಿಂತಿತ್ತು. ಈ ದಾರ ನಮ್ಮದಲ್ಲ, ಯಾರದು ಎಂದು ಕೇಳಿದಳು. ಅವನು ತಲೆ ತಗ್ಗಿಸಿ ಹೇಳಿ ಮುಗಿಸಿದ. ಬೈಯುತ್ತಾಳೆಂದು ಕಾದ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಸೊಸೆಗೆ ಒಲೆ ನೋಡಿಕೋ ಎಂದು ಹೇಳಿ, ಸೆರಗು ಹೊದ್ದು, ಚಪ್ಪಲಿ ಮೆಟ್ಟಿದಳು.

“ಗಾಡಿ ತೆಗಿ.”

ಕತ್ತಲಾಗುತ್ತದೆ, ತಾನೊಬ್ಬನೇ ಹೋಗಿ ಕೊಟ್ಟು ಬರುತ್ತೇನೆ ಎಂದ.

“ಕಿತ್ಕೊಂಡು ಬಂದವ ನೀ. ಕೊಡಾಕ ನಾ ಬರ್ತೀನಿ.”

ಬೈಕಿನ ಹಿಂದೆ ಒಂದು ಮಗ್ಗುಲಾಗಿ ಕೂತು, ತಾಯಿತವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಮಗನ ಹೆಗಲು ಬಿಗಿಯಾಗಿ ಹಿಡಿದಳು. ಊರು ದಾಟಿದ ಮೇಲೆ ಅವನ ಕಿವಿಯ ಹತ್ತಿರ ಬಾಗಿ ಹೇಳಿದಳು:

“ಎಮ್ಮೀ ಕರದ್ದು ಅಂತ ಅಲ್ಲಿ ಬಾಯಿ ಬಿಡಬ್ಯಾಡ.”