ಸುಮ್ಮನಿದ್ದ ಸಾಲು

ಏನೂ ಇಲ್ಲದ್ದನ್ನು ತೆಗೆದರೆ ಅದು ತೆಗೆದ ಲೆಕ್ಕವೇ? ಆ ಸಾಲಿನಲ್ಲಿ ಇದ್ದದ್ದು ಎರಡು ಉದ್ಧರಣ ಚಿಹ್ನೆಗಳು, ನಡುವೆ ಒಂದಕ್ಷರವೂ ಇರಲಿಲ್ಲ. ಖಾಲಿ ಡಬ್ಬಿ ಎಸೆದವನನ್ನು ಯಾರಾದರೂ ಕಳ್ಳ ಅನ್ನುತ್ತಾರೆಯೇ? ಅನ್ನುವುದಿಲ್ಲ. ಆದರೆ ಡಬ್ಬಿ ಎಸೆದ ಮಾರನೆಯ ದಿನದಿಂದಲೇ ಅಡುಗೆಮನೆಯ ಸೂರು ಕಳಚಿ ಬೀಳತೊಡಗಿದರೆ?

ವಾರೆನ್ ಊರಿನ ಆಫೀಸಿನ ಪಾರ್ಕಿಂಗ್‌ನಲ್ಲಿ, ಕಾರಿನೊಳಗೆ ಕೂತು, ನಿರಂಜನ್ ಇಷ್ಟು ಯೋಚಿಸುವಷ್ಟರಲ್ಲಿ ಹೆಂಡತಿ ಮಾನಸಳ ಫೋನ್ ಬಂತು.

"ಎಲ್ಲಿದೀಯ?"

"ಬಂದೆ."

"ಬಂದೆ ಅಂದ್ರೆ?"

"ಬಂದೆ ಅಂದ್ರೆ ಬಂದೆ ಕಣೆ," ಎಂದು ಹೇಳಿ, ಆಮೇಲೆ ಕಾರು ಸ್ಟಾರ್ಟ್ ಮಾಡಿದ. ನಾರ್ತ್‌ವಿಲ್‌ನ ಮನೆ ಇನ್ನೂ ಮೂವತ್ತು ಮೈಲಿ ದೂರವಿತ್ತು.

ಕಾರಿನ ಹಿಂಬಾಗಿಲು ತಾನಾಗಿಯೇ ಏಳುವುದಿದೆಯಲ್ಲ, ಅದನ್ನು ಏಳಿಸುವ ಚಿಪ್ಪಿಗೆ ಪ್ರೋಗ್ರಾಂ ಬರೆಯುವುದು ಅವನ ಕಂಪನಿಯ ಕಸುಬು. ಚಿಪ್ಪಿನೊಳಗೆ ಎರಡು ಕೆಲಸಗಳು ಸರದಿಯ ಮೇಲೆ ನಡೆಯುತ್ತವೆ. ಮೊದಲನೆಯದು, ಮೇಲಿನ ಸೂರು ಎಷ್ಟು ಎತ್ತರವಿದೆಯೆಂದು ನೋಡಿ, ಬಾಗಿಲು ಎಷ್ಟು ಏಳಬೇಕೆಂಬ ಅಳತೆ ಬರೆದಿಡುತ್ತದೆ. ಬರೆದಾದ ಮೇಲೆ ‘ರೆಡಿ’ ಎಂದು ಬಾವುಟ ಏರಿಸುತ್ತದೆ. ಎರಡನೆಯದು, ಬಾವುಟ ಕಂಡ ಕೂಡಲೇ ಅಳತೆ ಓದಿ ಮೋಟಾರು ತಿರುಗಿಸುತ್ತದೆ. ಆರು ವರ್ಷ ಎಲ್ಲವೂ ನೆಟ್ಟಗಿತ್ತು. ಮೂರು ವಾರದಿಂದೀಚೆಗೆ, ಮುನ್ನೂರು ಸಲಕ್ಕೊಮ್ಮೆ, ಬಾಗಿಲು ಅಳತೆಯನ್ನು ಲೆಕ್ಕಿಸದೆ ಪೂರ್ತಿ ಎದ್ದು, ಟೆಸ್ಟ್ ಶೆಡ್ಡಿನ ಸೂರಿಗೆ ಅಂಟಿಸಿದ್ದ ‘ಸೇಫ್ಟಿ ಫಸ್ಟ್’ ಬೋರ್ಡನ್ನು ಹೊಡೆದು ಕೆಡವುತ್ತಿತ್ತು. ಏನಾಗುತ್ತಿದೆ ನೋಡೋಣವೆಂದು ನಡುವೆ ಅಳತೆಯನ್ನು ಪರದೆಯ ಮೇಲೆ ತೋರಿಸುವ ಒಂದು ಪ್ರಿಂಟ್ ಸಾಲು ಸೇರಿಸಿದರೆ, ಬಾಗಿಲು ಹೆಣ್ಣು ನೋಡಲು ಬಂದ ಗಂಡಿನ ಹಾಗೆ ಮರ್ಯಾದೆಯಿಂದ ನಡೆದುಕೊಳ್ಳುತ್ತಿತ್ತು. ಆ ಸಾಲು ತೆಗೆದರೆ ಮತ್ತೆ ಬೋರ್ಡು ನೆಲಕ್ಕೆ.

ಮ್ಯಾನೇಜರ್ ರಾಜಶೇಖರ್ ನಾಲ್ಕು ಸಲ ಬೋರ್ಡನ್ನು ಅಂಟಿಸಿ ಸೋತಿದ್ದರು. "ಇದು ಸರಳಾ ಮೇಡಂ ಬರೆದ ಹಳೇ ಕೋಡು. ಶುಕ್ರವಾರದೊಳಗೆ ಸರಿಹೋಗ್ಲಿಲ್ಲ ಅಂದ್ರೆ ಅವರ ಕೈಯಿಂದ ತೆಗೆದು ನಿಮಗೇ ಕೊಟ್ಬಿಡ್ತೀನಿ, ನಿರಂಜನ್," ಎಂದಿದ್ದರು.

ಸರಳಾ ಗದಗದವರು. ಮೈಸೂರಿನ ನಿರಂಜನ್‌ಗೆ ಈ ಕೆಲಸ ಕಲಿಸಿದವರು. ಈಗ ಚಿಕಾಗೋ ಹತ್ತಿರದ ಗ್ಲೆಂಡೇಲ್ ಹೈಟ್ಸ್‌ನ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಈ ಬಾಗಿಲೂ ಕೈತಪ್ಪಿದರೆ ಕಂಪನಿಯಲ್ಲಿ ಅವರಿಗೆ ಬೇರೆ ಕೆಲಸವಿರಲಿಲ್ಲ.

ಹೋದ ತಿಂಗಳು ಆ ಕೋಡನ್ನು ಹೊಸ ಜಾಗಕ್ಕೆ ಸಾಗಿಸಿದವರಲ್ಲಿ ನಿರಂಜನ್ ಒಬ್ಬ. ಮನೆ ಬದಲಿಸುವಾಗ ಗುಡಿಸುವಂತೆ ಗುಡಿಸಿದ್ದ. ಅಳತೆಗೂ ಬಾವುಟಕ್ಕೂ ನಡುವೆ ಆ ಖಾಲಿ ಸಾಲು ಸಿಕ್ಕಿತ್ತು. ಪಕ್ಕದಲ್ಲಿ ಸರಳಾ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿಟ್ಟ ಕನ್ನಡ ಟಿಪ್ಪಣಿ: ‘ಸುಮ್ನ ಇರ್ಲಿ.’ ಸುಮ್ಮನೆ ಇರುವುದು ಸುಮ್ಮನೆ ಯಾಕಿರಬೇಕು ಎಂದು ಅಳಿಸಿದ್ದ. ಯಾರು ಯಾವ ಸಾಲು ತಿದ್ದಿದರೆಂಬ ದಾಖಲೆ ಸಾಗಾಟದಲ್ಲಿ ಉಳಿದಿರಲಿಲ್ಲ. ಈ ಮಧ್ಯಾಹ್ನವಷ್ಟೇ ಅದೆಲ್ಲ ಅವನಿಗೆ ಫಕ್ಕನೆ ನೆನಪಾಗಿತ್ತು. ಮತ್ತೆ ಹಾಕಬಹುದಿತ್ತು. ಹಾಕಿದರೆ, ತೆಗೆದವರು ಯಾರು ಎಂಬ ಪ್ರಶ್ನೆ ಏಳುತ್ತಿತ್ತು.

ಮನೆಗೆ ಬಂದಾಗ ಊಟದ ಮೇಜಿನ ಮುಂದೆ ಸರಳಾ ಕೂತಿದ್ದರು. ಬಾಗಿಲನ್ನು ತಾವೇ ನೋಡಬೇಕೆಂದು ರೊಟ್ಟಿ ಗಂಟು ಕಟ್ಟಿಕೊಂಡು ಬಂದಿದ್ದರು.

"ಇನ್ನೂರೆಂಬತ್ತು ಮೈಲಿ ನಾ ಬಂದು ಮುಟ್ಟಿದೆ. ನಿಂದು ಮೂವತ್ತು ಮುಗೀಲಿಲ್ಲಲ್ಲೋ ತಮ್ಮಾ."

"‘ಬಂದೆ’ ಅಂದ, ಅಕ್ಕ! ನಂಬಿ ದೋಸೆ ಹುಯ್ದೆ," ಮಾನಸ ತಟ್ಟೆ ಕುಕ್ಕಿದಳು. "ನೋಡಿ, ಚಪ್ಪಲಿ ಆಗಿದೆ."

ಸರಳಾ ದೋಸೆಯ ಅಂಚನ್ನು ಬೆರಳಿನಿಂದ ತಟ್ಟಿದರು. ಟಕ್ ಎಂದಿತು. ಅವರ ಮುಖ ಅರಳಿತು.

"ಬಾಗಲಾ ಯಾಕ ಹಂಗ ಹಾರ್ತದ ಅಂತ ಕೇಳಿದ್ಯಲ್ಲ ಮಾನಸ, ಇದ ನೋಡು. ಮೊದಲ ಬರಬೇಕು, ಆಮ್ಯಾಲೆ ಬಂದೆ ಅನ್ನಬೇಕು. ನಾವು ಬರ್ಯೋದೂ ಹಂಗ. ಆದ್ರ ನಾವು ಬರದದ್ದನ್ನ ಚಿಪ್ಪಿನ ಭಾಷಾಕ್ಕ ತಿರುಗಸಾಕ ಕಂಪೈಲರ್ ಅಂತ ಒಂದದ. ಭಾಳ ಶಾಣ್ಯಾ. ಅಳತಿ, ಬಾವುಟ, ಈ ಎರಡು ಸಾಲಿಗೆ ಒಂದಕ್ಕೊಂದು ಸಂಬಂಧಿಲ್ಲ, ಹಿಂದ ಮುಂದ ಮಾಡಿದ್ರ ಜಲ್ದಿ ಮುಗೀತದ ಅಂತ ಮಾಡೇ ಬಿಡ್ತದ. ಅದರ ಲೆಕ್ಕದಾಗ ತಪ್ಪಿಲ್ಲ. ಆದ್ರ ಅತ್ಲಾಗ ಇನ್ನೊಬ್ಬಾಕಿ ಹಂಚು ಕಾಸ್ಕೊಂಡು ಕೂತಾಳ ಅನ್ನೋದು ಅದಕ್ಕ ಗೊತ್ತೇ ಇಲ್ಲ."

ಏಳು ವರ್ಷದ ಮಗಳು ಜಾನ್ವಿ ತಲೆಯೆತ್ತಿದಳು. "ಸೋ ಡ್ಯಾಡ್ ಈಸ್ ಲೈಯಿಂಗ್?"

"ಸುಳ್ಳಲ್ಲವ್ವಾ. ಖರೇನ. ಸ್ವಲ್ಪ ಜಲ್ದಿ ಹೇಳಿದ ಖರೇ."

ನಿರಂಜನ್ ಆಗಲೇ ಹೇಳಿಬಿಡಬಹುದಿತ್ತು. ಬಾಯಲ್ಲಿ ಆ ದೋಸೆ ಇತ್ತು. ಅದನ್ನು ಅಗಿದು ನುಂಗುವಷ್ಟರಲ್ಲಿ ಮಾತು ಗದಗದ ಬದನೆಕಾಯಿಗೆ ಹೊರಳಿತ್ತು.

ಮರುದಿನ ಶುಕ್ರವಾರ. ಶೆಡ್ಡಿನಲ್ಲಿ ರಾಜಶೇಖರ್ ಬೋರ್ಡನ್ನು ಮಗುವಿನಂತೆ ಎದೆಗವಚಿಕೊಂಡು ನಿಂತಿದ್ದರು. ಸರಳಾ ಲ್ಯಾಪ್‌ಟಾಪಿನಲ್ಲಿ ಕೋಡನ್ನು ಮೇಲಿನಿಂದ ಓದುತ್ತ ಬಂದು, ಒಂದು ಕಡೆ ನಿಂತರು. ನಿಂತೇ ಇದ್ದರು.

"ಇಲ್ಲೊಂದು ಖಾಲಿ ಸಾಲಿತ್ತು," ಎಂದರು.

"ಖಾಲಿ ಸಾಲಾ?" ರಾಜಶೇಖರ್ ಕೇಳಿದರು. "ಖಾಲಿ ಇದ್ರೆ ಏನ್ ಪ್ರಯೋಜನ ಮೇಡಂ?"

"ಚಿಪ್ಪಿಗೆ ಅದು ಏನೂ ಹೇಳಂಗಿಲ್ರೀ. ಕಂಪೈಲರಿಗೆ ಅಷ್ಟ ಹೇಳ್ತದ, ಈ ಗೆರಿ ದಾಟಿ ಯಾವುದನ್ನೂ ಆಕಡೆ ಈಕಡೆ ಮಾಡಬ್ಯಾಡ ಅಂತ. ಬಾಜೂಕ ಬರದೂ ಇಟ್ಟಿದ್ದೆ, ಸುಮ್ನ ಇರ್ಲಿ ಅಂತ."

"ಸುಮ್ನೆ ಅಂದ್ರೆ, ಏನೂ ಕಾರಣ ಇಲ್ದೆ ಅಂತ ಅಲ್ವಾ ಅಕ್ಕ?" ನಿರಂಜನ್‌ನ ಬಾಯಿ ಅವನನ್ನು ಕೇಳದೆಯೇ ಮಾತಾಡಿತ್ತು.

ಸರಳಾ ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು. ನೋಡಿದ್ದು ಅರೆಗಳಿಗೆ. ನಿರಂಜನ್‌ಗೆ ಅದು ಚಿಕಾಗೋಗೆ ಹೋಗಿ ಬರುವಷ್ಟು ದೀರ್ಘವಾಗಿತ್ತು.

"ನಿಮ್ಮ ಮೈಸೂರಾಗ ಹಂಗಿರಬೇಕು," ಎಂದರು ಮೆಲ್ಲಗೆ. "ನಾ ಬರದದ್ದು ಕಂಪೈಲರಿಗೆ. ಗಪ್ಪನೆ ಕೂಡ್ಲಿ ಅದು, ಕೈ ಆಡಿಸೋದು ಬ್ಯಾಡ ಅಂತ."

ಸಾಲನ್ನು ಮತ್ತೆ ಬರೆದರು. ಬಾಗಿಲು ಏಳತೊಡಗಿತು. ನೂರು ಸಲ, ಮುನ್ನೂರು ಸಲ, ಊಟಕ್ಕೆ ಹೋಗಿ ಬಂದ ಮೇಲೆ ಮತ್ತೆ ಸಾವಿರ ಸಲ. ಪ್ರತಿ ಸಲವೂ ಬೋರ್ಡಿನ ಜಾಗಕ್ಕಿಂತ ಒಂದು ಗೇಣು ಕೆಳಗೆ ನಿಂತು, ಗುರುಗಳ ಮುಂದೆ ನಿಂತ ಶಿಷ್ಯನಂತೆ ತಲೆಬಾಗಿಸಿ ಇಳಿಯಿತು.

"ಏನೂ ಇಲ್ಲದ ಸಾಲಿಗೆ ಮೂರು ವಾರ!" ರಾಜಶೇಖರ್ ಐದನೆಯ ಸಲ ಬೋರ್ಡು ಅಂಟಿಸಿದರು. "ಅಲ್ಲಾ, ಇದನ್ನ ತೆಗೆದವರ್ಯಾರು?"

ನಿರಂಜನ್ ಗಂಟಲು ಸರಿಮಾಡಿಕೊಂಡ. ‘ನಾನು’ ಎಂಬುದು ಎರಡೇ ಅಕ್ಷರ. ಮೊದಲನೆಯದು ನಾಲಿಗೆಯ ತುದಿಗೆ ಬಂತು, ಎರಡನೆಯದು ಬರಲಿಲ್ಲ.

"ಏನೂ ಇಲ್ಲದ್ದನ್ನ ಯಾರ್ ತಗೀತಾರ್ರೀ?" ಎಂದರು ಸರಳಾ.

"ಹಾಗಾದ್ರೆ ನಿಮ್ಮ ಕೈಯಿಂದಲೇ ಬಿಟ್ಟುಹೋಯ್ತು ಅಂತ ರಿಪೋರ್ಟ್‌ನಲ್ಲಿ ಹಾಕ್ಲಾ?"

"ಹಾಕ್ರಿ. ಕೋಡ್ ನನ್ನ ಹತ್ರಾನ ಇರ್ಲಿ, ಅಷ್ಟ."

"ಅದು ನಿಮ್ಮದೇ ಬಿಡಿ, ಬೇರೆ ಯಾರು ಮುಟ್ತಾರೆ!" ಎಂದು ರಾಜಶೇಖರ್ ಅಲ್ಲೇ ಟೈಪ್ ಮಾಡಿದರು. ರಿಪೋರ್ಟಿನಲ್ಲಿ ಸರಳಾ ಅವರ ತಪ್ಪು ಒಂದೇ ಸಾಲಿನಲ್ಲಿ ಮುಗಿಯಿತು.

ಸಂಜೆ ಮನೆಗೆ ಬಂದ ನಿರಂಜನ್, ಗ್ಯಾರೇಜಿನಲ್ಲೇ ನಿಂತು, ಮಾತನ್ನು ನಾಲ್ಕು ಸಲ ಮನಸ್ಸಿನಲ್ಲಿ ಜೋಡಿಸಿ ಫೋನ್ ಮಾಡಿದ.

"ಅಕ್ಕ, ಎಲ್ಲಿದ್ದೀರಿ?"

"ಬಂದೆ ತಮ್ಮಾ. ಮನಿ ಮುಟ್ಟಿದಂಗ." ಹಿಂದಿನಿಂದ ದಾರಿ ಹೇಳುವ ಹೆಣ್ಣುದನಿ, ಅರ್ಧ ದಾರಿಯಲ್ಲಿರುವ ಕಲಮಜೂ ಎಕ್ಸಿಟ್ ಇನ್ನೂ ಎರಡು ಮೈಲಿ ಎಂದು ಸಾರಿತು. ಇಬ್ಬರೂ ನಕ್ಕರು.

"ಏನೋ ಹೇಳಾಂವ ಇದ್ದಿ?"

"ಏನಿಲ್ಲ ಅಕ್ಕ. ಸುಮ್ನೆ ಮಾಡ್ದೆ."

"ಹೌದಾ," ಎಂದರು ಸರಳಾ. "ಸುಮ್ನ ಇರ್ಲಿ ಬಿಡು."

ಆ ಸಾಲನ್ನು ಅಳಿಸಿದವನು ತಾನೇ ಎಂದು ನಿರಂಜನ್ ಅವರಿಗೆ ಅಂದು ಹೇಳಲಿಲ್ಲ, ಆಮೇಲೂ ಎಂದೂ ಹೇಳಲಿಲ್ಲ.