ಮುಂದಿನ ಗಾಲಿ ಜಾರಿದ ಮೇಲೆ

ನನಗೆ ಒಂದು ಕಡೆ ಕೂತು ಗೊತ್ತಿಲ್ಲ. ಕೂತರೆ ಕಾಲು ಅಲ್ಲಾಡುತ್ತದೆ, ಕಾಲು ನಿಂತರೆ ಕೈ ಏನಾದರೊಂದನ್ನು ಕೆದಕುತ್ತದೆ. ಅದಕ್ಕೇ ಅತ್ತೆ ನನಗೆ ಬುಗುರಿ ಎಂದು ಹೆಸರಿಟ್ಟರು. ಮದುವೆಯಾದ ಮೊದಲ ವಾರವೇ ಇಟ್ಟರು. ಈಗ ಆಸ್ಪತ್ರೆಯ ತೋಟದಲ್ಲಿ ಎಲೆ ಗುಡಿಸುವವರೂ ಹಾಗೇ ಕರೆಯುತ್ತಾರೆ. ಬೇಜಾರೇನಿಲ್ಲ. ಆದರೆ ಆ ಬುಧವಾರ ಟೈರಿನ ಅಂಗಡಿಯ ಮುಂದೆ ನಿಂತಾಗ ನನಗೆ ನಿಜಕ್ಕೂ ಮುಳ್ಳಿನ ಮೇಲೆ ನಿಂತ ಹಾಗಿತ್ತು. ಸಂಜೆಯೊಳಗೆ ಮುಂದಿನ ಎರಡು ಟೈರು ಆರಿಸಿ ತಂದು ಹಾಕಬೇಕು. ಮರುದಿನ ಬೆಳಿಗ್ಗೆ ಮೇಲ್ವಿಚಾರಕರ ಕಣ್ಣೆದುರು ಅತ್ತೆ ಇಳಿಜಾರಿನ ಹುಲ್ಲು ಕೊಯ್ದು ತೋರಿಸಬೇಕು. ಗಾಡಿ ಮತ್ತೆ ಜಾರಿದರೆ ಇಳಿಜಾರು ಹೊರಗಿನ ಗುತ್ತಿಗೆಯವರ ಪಾಲು. ಅತ್ತೆಗೆ ಕುಂಡಗಳ ಶೆಡ್ಡಿನಲ್ಲಿ ಒಂದು ಸ್ಟೂಲು.

ಅತ್ತೆ ಹತ್ತೊಂಬತ್ತು ವರ್ಷದಿಂದ ಆಸ್ಪತ್ರೆಯ ಪುಟ್ಟ ಟ್ರ್ಯಾಕ್ಟರ್ ಓಡಿಸುತ್ತಿದ್ದಾರೆ. ಪುಟ್ಟದು ಎಂದರೆ ಕಾರಿಗಿಂತ ಚಿಕ್ಕದು. ಹೊಟ್ಟೆಯ ಕೆಳಗೆ ಹುಲ್ಲು ಕತ್ತರಿಸುವ ಅಲಗು, ಬೆನ್ನಿಗೆ ಕತ್ತರಿಸಿದ ಹುಲ್ಲು ತುಂಬುವ ದೊಡ್ಡ ಡಬ್ಬ. ವಾರ್ಡುಗಳ ಹಿಂದೆ ನೆಲ ಕೊಳದ ಕಡೆಗೆ ಇಳಿಯುತ್ತದೆ. ಬುಡದಲ್ಲಿ ಕಾಲುದಾರಿ, ದಾರಿಯುದ್ದಕ್ಕೂ ಬೆಂಚುಗಳು, ಬೆಂಚುಗಳ ಮೇಲೆ ಗಾಳಿಗೆಂದು ಹೊರಬಂದ ರೋಗಿಗಳು. ಆ ಇಳಿಜಾರನ್ನು ಅತ್ತೆ ತಲೆ ಬಾಚಿದ ಹಾಗೆ ಸಾಲುಸಾಲಾಗಿ ಕೊಯ್ಯುತ್ತಿದ್ದರು. ಸೀಟಿನ ಮೇಲೆ ಬೇರೆ ಯಾರನ್ನೂ ಕೂರಲು ಬಿಟ್ಟವರಲ್ಲ. ತೊಳೆಯುವುದು, ಗ್ರೀಸ್ ಹಚ್ಚುವುದು, ಅಲಗು ಬಿಚ್ಚಿ ಮಸೆಯುವುದು ನನ್ನ ಕೆಲಸ.

“ಗಾಡಿಯ ಮೈಕೈ ನಿಂದು, ಬುದ್ಧಿ ನಂದು,” ಅನ್ನುತ್ತಿದ್ದರು.

ಮೊದಲ ಸಲ ಜಾರಿದ್ದು ಹದಿನೈದು ದಿನದ ಹಿಂದೆ. ತಿರುವಿನಲ್ಲಿ ಸ್ಟೀರಿಂಗ್ ತಿರುಗಿತು, ಮುಂದಿನ ಗಾಲಿಗಳೂ ತಿರುಗಿದವು, ಗಾಡಿ ಮಾತ್ರ ನೇರ ಹೋಯಿತು. ಬೇಲಿಯ ಗಿಡಗಳು ತಡೆದವು. ಮೂರು ದಿನ ಬಿಟ್ಟು ಮತ್ತೆ ಜಾರಿದಾಗ ತಡೆಯಲು ಏನೂ ಇರಲಿಲ್ಲ. ಕಾಲುದಾರಿ ದಾಟಿ, ಬೆಂಚಿಗೆ ಎರಡು ಮಾರು ದೂರದಲ್ಲಿ ನಿಂತಿತು. ಬೆಂಚಿನ ಮೇಲೆ ಯಾರೋ ಮರೆತುಹೋದ ಕನ್ನಡಕದ ಡಬ್ಬಿ ಮಾತ್ರ ಇತ್ತು. ಅತ್ತೆ ಇಳಿದು ಆ ಡಬ್ಬಿಯನ್ನು ವಾರ್ಡಿಗೆ ಕೊಟ್ಟು ಬಂದರು. ಅವರು ಯಾರಿಗೂ ಹೇಳದಿದ್ದರೂ ವಾರ್ಡಿನ ಕಿಟಕಿಯಿಂದ ಕಂಡವರು ಮೇಲ್ವಿಚಾರಕರಿಗೆ ಸುದ್ದಿ ಮುಟ್ಟಿಸಿದರು.

ಮನೆಯಲ್ಲೂ ಬದಲಾದರು. ಚಹಾದ ಲೋಟವನ್ನು ಎರಡು ಕೈಯಲ್ಲಿ ಹಿಡಿಯತೊಡಗಿದರು. ನನ್ನ ಒಂದೂವರೆ ವರ್ಷದ ಮಗಳು ಅಜ್ಜಿಯನ್ನು ಕಂಡರೆ ಎರಡೂ ಕೈ ಚಾಚುತ್ತಾಳೆ. ಅತ್ತೆ ಎತ್ತಿಕೊಳ್ಳುವ ಬದಲು ನೆಲದ ಮೇಲೆ ಕೂತು ತೊಡೆಗೆ ಕರೆಯುತ್ತಿದ್ದರು. ಬೆನ್ನು ನೋವು ಅಂದರು. ಸಂಜೆ ಹೊತ್ತು ಮಗುವನ್ನು ಸೊಂಟಕ್ಕೆ ಹಾಕಿಕೊಂಡೇ ಪಾತ್ರೆ ತೊಳೆಯುತ್ತ ನಾನು ಒಳಗೊಳಗೇ ಸಿಡುಕಿದ್ದೆ.

“ವಯಸ್ಸಾಯ್ತಲ್ಲ ಅಮ್ಮಂಗೆ,” ಅಂದ ನನ್ನ ಗಂಡ. ಅವನಿಗೆ ಎಲ್ಲದಕ್ಕೂ ಒಂದು ಸುಲಭದ ಕಾರಣ ಸಿಕ್ಕಿಬಿಡುತ್ತದೆ.

ಮೇಲ್ವಿಚಾರಕರಿಗೆ ನಾವು ಇಟ್ಟ ಹೆಸರು ಆಗಲಿ-ನೋಡೋಣ. ಏನು ಕೇಳಿದರೂ ಅಷ್ಟೇ ಹೇಳುವ ಮನುಷ್ಯ. ಈ ಸಲ ಮಾತ್ರ ಅತ್ತೆಯನ್ನೂ ನನ್ನನ್ನೂ ಕರೆಸಿ, ಗಡುವು ಹಾಕಿಬಿಟ್ಟರು. ಅವರ ಕೋಣೆಯ ಬಾಗಿಲು ಗಾಳಿಗೆ ದಡಾರ್ ಎಂದು ಬಡಿದುಕೊಳ್ಳುತ್ತದೆ ಎಂದು ನಾನೇ ಎರಡು ಕಬ್ಬಿಣದ ಬಿಲ್ಲೆಗಳಿಗೆ ಹಸಿರು ಬಣ್ಣ ಬಳಿದು ತಂದಿಟ್ಟಿದ್ದೆ. ಅವಕ್ಕೆ ಒರಗಿ ಬಾಗಿಲು ಬಾಯಿ ತೆರೆದು ನಿಂತಿತ್ತು, ಒಳಗಿನ ಮಾತೆಲ್ಲ ಹಜಾರಕ್ಕೆ ಕೇಳುತ್ತಿತ್ತು.

“ಟೈರು ಸರಿಯಿಲ್ಲ. ಹುಲ್ಲಿನ ಮೇಲೆ ಗೆರೆ ಬೀಳದ ಥರದ್ದು ಹಾಕ್ಸಿ,” ಅಂದರು ಅವರು. “ಗುರುವಾರ ನೋಡೋಣ. ಇಲ್ಲಾಂದ್ರೆ ಬೇರೆಯವರಿದ್ದಾರೆ. ರೋಗಿಗಳು ಓಡಾಡೋ ಜಾಗ ಅದು.”

ಅವರು ಹೇಳಿದ್ದು ತಪ್ಪಲ್ಲ. ಅದೇ ನನ್ನ ಮೈ ಉರಿಸಿತು.

ಹೊರಗೆ ಬಂದ ಮೇಲೆ ಅತ್ತೆ ಹೇಳಿದರು: “ಮೂರು ಪಟ್ಟೀದೇ ತಾ. ಈಗಿರೋ ಥರದ್ದೇ.” ನಾಲ್ಕು ಹೆಜ್ಜೆ ನಡೆದು ಮತ್ತೆ, “ಇಲ್ಲ, ಯಾವ್ದಾದ್ರೂ ತಾ. ಟೈರು ಹೊಸದಾದ್ರೆ ಕೈ ಹೊಸದಾಗುತ್ತಾ?” ಅಂದರು.

ಹೀಗೆ ನಾನು ಹಳೆಯ ಗಾಲಿಯೊಂದನ್ನು ಚೀಲದಲ್ಲಿ ಹೊತ್ತು ಟೈರಿನ ಅಂಗಡಿಗೆ ಬಂದದ್ದು. ಅಂಗಡಿಯವರು ಕನ್ನಡಕವನ್ನು ಹಣೆಗೇರಿಸಿಕೊಂಡ ವಯಸ್ಸಾದವರು. ಮೂರು ಟೈರು ತಂದು ನೆಲದ ಮೇಲೆ ಸಾಲಾಗಿ ನಿಲ್ಲಿಸಿದರು.

“ಇದು ಬಿಸ್ಕತ್ತು,” ಅಂದರು. ಮೈತುಂಬ ಸಣ್ಣ ಚೌಕಗಳು, ನಿಜಕ್ಕೂ ಬಿಸ್ಕತ್ತಿನ ಹಾಗೆ. “ಹುಲ್ಲಿಗೆ ನೋವು ಮಾಡಲ್ಲ. ಒದ್ದೆ ಇಳಿಜಾರಲ್ಲಿ ಪಕ್ಕಕ್ಕೆ ಜಾರುತ್ತೆ. ಇದು ಹಲ್ಲು. ಹೊಲಕ್ಕೆ ಸರಿ, ನಿಮ್ಮ ಹುಲ್ಲನ್ನ ಕಿತ್ತು ಕೈಗೆ ಕೊಡುತ್ತೆ. ಇದು ಮೂರು ಪಟ್ಟಿ. ಸುತ್ತಲೂ ಉದ್ದಕ್ಕೆ ಮೂರು ಏಣು ಇದೆ ನೋಡಿ, ನೆಲಾನ ಕಚ್ಚಿ ಹೇಳಿದ ಕಡೆ ಹೋಗುತ್ತೆ. ಸ್ವಲ್ಪ ಗೆರೆ ಬೀಳುತ್ತೆ.”

ಬಿಸ್ಕತ್ತು ಹಾಕಿದರೆ ಮೇಲ್ವಿಚಾರಕರಿಗೆ ಸಮಾಧಾನ, ಗಾಡಿ ಜಾರಿದರೆ ಅತ್ತೆಗೆ ಸ್ಟೂಲು. ಪಟ್ಟಿ ಹಾಕಿದರೆ ಗೆರೆ ಕಂಡು ಅವರು ಮುಖ ಸಿಂಡರಿಸಿದರೆ? ನಾನು ಒಂದನ್ನು ಎತ್ತಿದೆ, ಇಳಿಸಿದೆ, ಇನ್ನೊಂದನ್ನು ಉಗುರಿನಿಂದ ಒತ್ತಿದೆ, ಬಾಗಿಲವರೆಗೆ ಹೋಗಿ ವಾಪಸು ಬಂದೆ.

“ಒಂದು ಕಡೆ ಕೂತ್ಕೊಳ್ಳಿ ತಾಯಿ. ನೀವು ತಿರುಗಿದ್ರೆ ನಂಗೆ ತಲೆ ತಿರುಗುತ್ತೆ,” ಅಂದರು ಅವರು. ನಾನು ತಂದ ಹಳೆಯ ಗಾಲಿಯನ್ನು ಮೊಣಕಾಲಿನ ಮೇಲಿಟ್ಟು ಕನ್ನಡಕ ಇಳಿಸಿ ನೋಡಿದರು. “ಇದೂ ಮೂರು ಪಟ್ಟೀನೇ. ಇನ್ನೂ ಎರಡು ವರ್ಷದ ಜೀವ ಇದೆ ಇದಕ್ಕೆ. ಯಾಕೆ ಬದಲಾಯಿಸ್ತೀರಿ?”

“ಜಾರುತ್ತೆ. ತಿರುಗಿಸಿದ್ರೂ ತಿರುಗಲ್ಲ.”

“ಹಿಂದೆ ಹುಲ್ಲಿನ ಡಬ್ಬ ಇದೆಯಾ?”

“ಇದೆ.”

“ಮುಂದೆ ಭಾರ ಏನು ಹಾಕಿದ್ದೀರಿ?”

“ಭಾರ ಯಾಕೆ?”

ಅವರು ಟೈರನ್ನು ನೆಲಕ್ಕಿಟ್ಟು ಒಂದು ಬೆರಳಿನಿಂದ ತಳ್ಳಿದರು. ಅದು ಸುಮ್ಮನೆ ಪಕ್ಕಕ್ಕೆ ಸರಿಯಿತು. ಆಮೇಲೆ ಇನ್ನೊಂದು ಅಂಗೈಯಿಂದ ಮೇಲೆ ಒತ್ತಿ ಹಿಡಿದು ತಳ್ಳಿದರು. ಕದಲಲಿಲ್ಲ. “ಒದ್ದೆ ಹುಲ್ಲು ತುಂಬಿದ್ರೆ ಗಾಡಿ ಹಿಂದಕ್ಕೆ ಕೂರುತ್ತೆ, ಮೂತಿ ಏಳುತ್ತೆ. ನೆಲಕ್ಕೆ ಒತ್ತದ ಗಾಲಿಗೆ ಚಿನ್ನದ ಟೈರು ಹಾಕಿದ್ರೂ ಅಷ್ಟೇ. ಮೊದಲು ಏನಾದ್ರೂ ಕಟ್ಟಿದ್ರಾ ಮುಂದೆ?”

“ಇಲ್ಲ,” ಅಂದೆ.

ಅಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ. ಕಟ್ಟಿದ್ದರು. ನನ್ನ ಮಾವ ಕಟ್ಟಿದ್ದರು. ಆಸ್ಪತ್ರೆಯ ಬಾಯ್ಲರ್ ನೋಡಿಕೊಳ್ಳುತ್ತಿದ್ದ ಅವರು ತೀರಿಕೊಂಡು ಆರು ವರ್ಷವಾಯಿತು. ಮೂರು ವಾರದ ಹಿಂದೆ ತಪಾಸಣೆಯವರು ಬರುತ್ತಾರೆಂದು ನಾನು ಗಾಡಿಯ ಕೆಳಗೆ ಮಲಗಿ ತೊಳೆಯುತ್ತಿದ್ದಾಗ, ಮೂತಿಯ ಅಡಿಯಲ್ಲಿ ಹರಕು ಗೋಣಿ ಸುತ್ತಿ, ತಂತಿ ಬಿಗಿದು, ತುಕ್ಕು ಹಿಡಿದ ಎರಡು ಕಬ್ಬಿಣದ ಬಿಲ್ಲೆ ಕಂಡವು. ಒಂದೊಂದೂ ತುಂಬಿದ ಕೊಡದಷ್ಟು ಭಾರ. ಮಾವನವರು ಯಾವುದನ್ನೂ ಎಸೆಯದೆ ಎಲ್ಲಾದರೂ ಸಿಕ್ಕಿಸಿಡುವವರು ಎಂದು ಕೇಳಿದ್ದೆ. ಇದೂ ಅದೇ ಎಂದುಕೊಂಡು ಅರ್ಧ ದಿನ ಒದ್ದಾಡಿ ತಂತಿ ಕತ್ತರಿಸಿದೆ. ಗಾಡಿ ಅಚ್ಚುಕಟ್ಟಾಯಿತು ಎಂದು ಖುಷಿಪಟ್ಟೆ. ಬಿಲ್ಲೆಗಳನ್ನು ಉಜ್ಜಿ, ಬೆಂಚಿಗೆ ಬಳಿದು ಉಳಿದಿದ್ದ ಹಸಿರು ಬಣ್ಣ ಬಳಿದು, ಮೇಲ್ವಿಚಾರಕರ ಬಾಗಿಲಿಗೆ ಕೊಟ್ಟು ಭೇಷ್ ಅನ್ನಿಸಿಕೊಂಡೆ. ಯಾರನ್ನೂ ಒಂದು ಮಾತು ಕೇಳಲಿಲ್ಲ. ಸೀಟಿನ ಮೇಲೆ ಕೂತವರಿಗೆ ಮೂತಿಯ ಅಡಿ ಕಾಣುವುದಿಲ್ಲ.

ಮೂರು ಪಟ್ಟಿಯ ಎರಡು ಟೈರು ತೆಗೆದುಕೊಂಡು ಓಡಿದೆ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ಲೆಕ್ಕಾಚಾರ. ಬಿಲ್ಲೆಗಳನ್ನು ಸದ್ದಿಲ್ಲದೆ ತಂದು ಮತ್ತೆ ಕಟ್ಟಿಬಿಡುವುದು. ನಾಳೆ ಗಾಡಿ ಸರಿಯಾಗಿ ತಿರುಗಿದರೆ ಹೊಸ ಟೈರಿನ ಪುಣ್ಯ. ನನ್ನ ಹೆಸರು ಎಲ್ಲೂ ಬರುವುದಿಲ್ಲ. ಇಷ್ಟು ಯೋಚಿಸಿ ಹಾಯೆನಿಸಿತು, ಹಾಯೆನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಹೋಗಿ ನೋಡಿದರೆ ಆಗಲಿ-ನೋಡೋಣ ಬೇಗ ಮನೆಗೆ ಹೋಗಿದ್ದರು. ಕೋಣೆಗೆ ಬೀಗ. ಇರಲಿ, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದರಾಯಿತು ಎಂದುಕೊಂಡು ಶೆಡ್ಡಿನಲ್ಲಿ ಟೈರು ಹಾಕತೊಡಗಿದೆ. ಎರಡನೆಯದರ ಬೋಲ್ಟ್ ಬಿಗಿಯುವಾಗ ಅತ್ತೆ ಬಂದರು. ಕೈಯಲ್ಲಿ ಮಡಚಿದ ಕಾಗದ.

“ಇದನ್ನ ಒಂದ್ಸಲ ಓದು. ತಪ್ಪಿದ್ರೆ ತಿದ್ದು. ನಾಳೆ ನಾನು ಹತ್ತಲ್ಲ, ಇದನ್ನ ಕೊಟ್ಟುಬಿಡ್ತೀನಿ.”

ಅತ್ತೆಯ ಅಕ್ಷರ ದುಂಡಗೆ. ‘ನನ್ನ ಕೈಗಳಲ್ಲಿ ಮೊದಲಿನ ಹಿಡಿತ ಇಲ್ಲದ ಕಾರಣ ಇಳಿಜಾರಿನ ಕೆಲಸ ಬಿಟ್ಟುಕೊಡುತ್ತಿದ್ದೇನೆ. ಬೆಂಚಿನ ಮೇಲೆ ಯಾರೂ ಇರಲಿಲ್ಲ ಎಂಬುದು ನನ್ನ ಅದೃಷ್ಟ.’ ತಿದ್ದಲು ಒಂದು ತಪ್ಪೂ ಇರಲಿಲ್ಲ.

ಬಿಲ್ಲೆ ಕಟ್ಟಿದರೂ ಗಾಡಿ ಹತ್ತುವವರೇ ಇಲ್ಲದ ಮೇಲೆ ಏನು ಬಂತು? ಸ್ಪಾನರ್ ಕೆಳಗಿಟ್ಟೆ. ಮತ್ತೆ ಎತ್ತಿಕೊಂಡೆ. ಅದನ್ನೇ ನೋಡುತ್ತ ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ: ಗೋಣಿ, ತಂತಿ, ಬಿಲ್ಲೆ, ಹಸಿರು ಬಣ್ಣ, ಅಂಗಡಿಯವರ ಅಂಗೈ.

ಅತ್ತೆ ನಂಬಲಿಲ್ಲ. “ನನ್ನ ಸಮಾಧಾನಕ್ಕೆ ಕತೆ ಕಟ್ಬೇಡ.”

“ಕತೆ ಅಲ್ಲ ಅತ್ತೆ.”

“ಹಾಗಾದ್ರೆ ಆ ಬಿಲ್ಲೆ ತಂದು ತೋರ್ಸು.”

“ಬೀಗ ಹಾಕಿದ್ದಾರೆ.” ಒಂದು ಕ್ಷಣ ಯೋಚಿಸಿದೆ. “ನಾನೇ ಕೂರ್ತೀನಿ ಮೂತಿ ಮೇಲೆ. ನೋಡೇಬಿಡೋಣ.”

“ನೀನು? ಕೂರ್ತೀಯಾ?” ಹದಿನೈದು ದಿನದಲ್ಲಿ ಮೊದಲ ಸಲ ಅವರ ತುಟಿಯ ತುದಿ ಅಲ್ಲಾಡಿತು.

ಇಳಿಜಾರಿನ ಮೇಲಂಚಿನಲ್ಲಿ, ಬೆಂಚುಗಳಿಂದ ಬಹಳ ದೂರದಲ್ಲಿ, ಒಂದು ಸಣ್ಣ ತಿರುವಿದೆ. ಅಲಗನ್ನು ಬಂದ್ ಮಾಡಿ, ಡಬ್ಬಕ್ಕೆ ಒದ್ದೆ ಹುಲ್ಲು ತುಂಬಿ, ಮೊದಲು ಅತ್ತೆ ಒಬ್ಬರೇ ಆಮೆಯ ವೇಗದಲ್ಲಿ ಓಡಿಸಿದರು. ಹೊಸ ಟೈರುಗಳು ಹುಲ್ಲನ್ನು ಸವರಿಕೊಂಡು ನೇರ ಹೋದವು. ಅತ್ತೆ ಬ್ರೇಕ್ ಒತ್ತಿ ನನ್ನ ಕಡೆ ನೋಡಿದರು. ಕಂಡೆಯಾ ಎನ್ನುವ ಹಾಗಿತ್ತು ಆ ನೋಟ.

ನಾನು ಗೋಣಿ ಹಾಸಿ, ಕಾಲನ್ನು ಬಂಪರಿನ ಮೇಲೆ ಊರಿ, ಎರಡೂ ಕೈಯಲ್ಲಿ ದೀಪದ ಕಂಬಿ ಹಿಡಿದು ಮೂತಿಯ ಮೇಲೆ ಕೂತೆ.

“ಅಲ್ಲಾಡಬೇಡ,” ಅಂದರು ಹಿಂದಿನಿಂದ. “ಕೆರೆತ ಬಂದ್ರೂ ಅಲ್ಲಾಡಬೇಡ.”

ಎಂಜಿನ್ನಿನ ನಡುಕ ನನ್ನ ಹಲ್ಲಿನವರೆಗೆ ಬಂತು. ತಿರುವು ಹತ್ತಿರವಾಯಿತು. ಕಾಲು ಎತ್ತಿ ಹಾರಿಬಿಡಬೇಕು ಅನ್ನಿಸಿತು. ಕಚ್ಚಿ ಹಿಡಿದು ಕೂತೆ. ನನ್ನ ಕಾಲಡಿಯಲ್ಲಿ ಗಾಲಿಗಳು ತಿರುಗಿದವು, ಅವುಗಳ ಜೊತೆಗೆ ಗಾಡಿಯೂ ತಿರುಗಿತು. ಕೊಳ ನನ್ನ ಕಣ್ಣೆದುರಿನಿಂದ ನಿಧಾನವಾಗಿ ಪಕ್ಕಕ್ಕೆ ಸರಿದು ಹೋಯಿತು, ವಾರ್ಡಿನ ಕಿಟಕಿಗಳು ಎದುರಿಗೆ ಬಂದವು.

ಅತ್ತೆ ನಿಲ್ಲಿಸಲಿಲ್ಲ. ಮತ್ತೊಂದು ಸುತ್ತು ಹೋದರು. ಮೂರನೆಯ ಸುತ್ತಿಗೆ ಎಂಜಿನ್ ಆರಿಸಿದರು. ನಾನು ಹಿಂದೆ ತಿರುಗಲಿಲ್ಲ. ಬೈಗುಳ ಬರಲಿ ಎಂದು ಕಾಯುತ್ತಿದ್ದೆ.

“ನಿನ್ನ ಮಾವ ಆ ಕಬ್ಬಿಣ ಕಟ್ಟಿದ ದಿನ ನಾನು ಜಗಳ ಆಡಿದ್ದೆ,” ಅಂದರು ಅತ್ತೆ. “ನನ್ನ ಗಾಡೀಗೆ ಗುಜರಿ ನೇತುಹಾಕ್ಬೇಡಿ ಅಂತ. ಅವರು ಏನೂ ಹೇಳ್ಲಿಲ್ಲ. ತೆಗೆದುಹಾಕಿದ್ರು ಅಂದ್ಕೊಂಡಿದ್ದೆ. ಆಮೇಲೆ ಎಲ್ಲರ ಮುಂದೆ, ನಮ್ಮನೆಯವಳ ಕೈ ನೋಡಿ, ಎಷ್ಟು ಚೆನ್ನಾಗಿ ತಿರುಗಿಸ್ತಾಳೆ ಅಂತ ಹೊಗಳೋರು.”

ಹಿಂದೆ ಸೀಟು ಕಿರ್ರೆಂದಿತು.

“ಬೀಳಿಸಿಬಿಡ್ತೀನೇನೋ ಅಂತ ಮಗೂನ ಎತ್ಕೊಂಡಿಲ್ಲ ಕಣೇ,” ಅಂದರು. “ಹದಿನೈದು ದಿನ.”

ಬೈದಿದ್ದರೆ ಚೆನ್ನಾಗಿತ್ತು. ಕಂಬಿ ಹಿಡಿದುಕೊಂಡೇ ಅತ್ತುಬಿಟ್ಟೆ. ಆಗ ಬೈದರು. ಕೇಳದೆ ಮುಟ್ಟಿದವಳು, ಕಣ್ಣಿಗೆ ಕಂಡದ್ದನ್ನೆಲ್ಲ ಉಜ್ಜಿ ಬಣ್ಣ ಬಳಿಯುವವಳು, ನಾಳೆ ಅತ್ತೆಗೂ ಬಣ್ಣ ಬಳಿದು ಯಾರದಾದರೂ ಬಾಗಿಲಿಗೆ ಇಡುವವಳು ಎಂದು ಶೆಡ್ಡಿನವರೆಗೂ ಬೈದರು. ನಾನು ಶೆಡ್ಡಿನಲ್ಲೇ ಬಿಟ್ಟಿದ್ದ ಕಾಗದವನ್ನು ಎತ್ತಿಕೊಂಡು, ಅದರಲ್ಲೇ ಕೈಯ ಗ್ರೀಸ್ ಒರೆಸಿಕೊಂಡರು.

ಮರುದಿನದ ಕತೆ ಚಿಕ್ಕದು. ಬೆಳಿಗ್ಗೆ ಮೇಲ್ವಿಚಾರಕರಿಗೆ ಇದ್ದದ್ದು ಇದ್ದ ಹಾಗೆ ಹೇಳಿ ಬಿಲ್ಲೆ ಕೇಳಿದೆ. ಅವರು ನನ್ನನ್ನೂ ಬಿಲ್ಲೆಯನ್ನೂ ನೋಡಿ “ಆಗಲಿ, ನೋಡೋಣ” ಅಂದರು. ಅವರ ಬಾಗಿಲು ಮತ್ತೆ ಬಡಿದುಕೊಳ್ಳತೊಡಗಿತು. ಅತ್ತೆ ಇಳಿಜಾರನ್ನು ಮೇಲಿನಿಂದ ಬುಡದವರೆಗೆ ಕೊಯ್ದರು, ಹುಲ್ಲಿನ ಮೇಲೆ ತೆಳ್ಳಗೆ ಮೂರು ಮೂರು ಗೆರೆ ಬಿತ್ತು, ಮೇಲ್ವಿಚಾರಕರು ಅದನ್ನು ಕಂಡೂ ಮುಖ ಸಿಂಡರಿಸಲಿಲ್ಲ, ಇಳಿಜಾರು ಅತ್ತೆಯ ಪಾಲಿಗೇ ಉಳಿಯಿತು.

ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಹಿಂದಿನ ಸಂಜೆ. ಮನೆ ಹೊಕ್ಕಾಗ ಮಗಳು ರೂಢಿಯಂತೆ ಅಜ್ಜಿಯ ಕಡೆ ಎರಡೂ ಕೈ ಚಾಚಿದಳು. ಅತ್ತೆ ಚಪ್ಪಲಿ ಬಿಟ್ಟು, ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಒರೆಸಿಕೊಂಡು, ತಮ್ಮ ಎರಡು ಕೈಗಳನ್ನು ಒಂದು ಸಲ ನೋಡಿಕೊಂಡರು. ಆಮೇಲೆ ಬಗ್ಗಿ ಅವಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡರು. ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆದೇ ನಡೆದರು. ಮಗು ನಿದ್ದೆ ಹೋದ ಮೇಲೂ ಇಳಿಸಲಿಲ್ಲ. ನಾನು ಗೋಡೆಗೆ ಒರಗಿ ಕೂತಿದ್ದೆ. ಬಹಳ ಹೊತ್ತಿನ ಮೇಲೆ ಗೊತ್ತಾಯಿತು, ನನ್ನ ಕಾಲು ಅಲ್ಲಾಡುತ್ತಿರಲಿಲ್ಲ.